ಮೂರು ಮಾಡು, ಮೂರು ತಂಡ, ಒಂದು ಮಳೆಗಾಲ

ಕಳೆದ ಬೇಸಗೆಯಲ್ಲಿ ನಮ್ಮ ಕುಟುಂಬದ ಮೂರು ಮಾಡುಗಳಿಗೆ, ಅಂದರೆ ಛಾವಣಿಗಳಿಗೆ, ಒಟ್ಟಿಗೇ ಕೆಲಸ ಮಾಡಿಸಬೇಕಾಗಿ ಬಂತು. ಒಂದು, ನೀರ್ಚಾಲಿನ ಹತ್ತಿರ ಅಜ್ಜ 1938ರಲ್ಲಿ ಕಟ್ಟಿಸಿದ ಹಂಚಿನ ಮನೆ; ಇನ್ನೊಂದು, ಕುಂಬಳೆಯಲ್ಲಿ ಕಡಲಿನಿಂದ ಅರ್ಧ ಕಿಲೋಮೀಟರು ದೂರದಲ್ಲಿ 1992ರಲ್ಲಿ ಕಟ್ಟಿದ ಅಕ್ಕನ ಟೆರೇಸು ಮನೆ; ಮೂರನೆಯದು, ನಮ್ಮ ಅಡಿಕೆ ಅಂಗಳಕ್ಕೆ ಹೊಸದಾಗಿ ಎಬ್ಬಿಸಿದ ಶೀಟಿನ ಮಾಡು. ಮೂರಕ್ಕೂ ಬೇರೆ ಬೇರೆ ತಂಡಗಳು ಬಂದವು. ಕೆಲಸ ಮುಗಿದದ್ದು ಮೇ ತಿಂಗಳಲ್ಲಿ, ಇದನ್ನು ಬರೆಯುತ್ತಿರುವುದು ನವೆಂಬರಿನಲ್ಲಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುವ ಕಾಸರಗೋಡಿನಲ್ಲಿ ಮಾಡಿನ ಕೆಲಸದ ಬಗ್ಗೆ ಮೇ ತಿಂಗಳಲ್ಲಿ ಹೇಳುವ ಯಾವ ಮಾತಿಗೂ ಬೆಲೆ ಇರುವುದಿಲ್ಲ. ತಂಡಗಳ ಹೆಸರನ್ನು ಬರೆದಿಲ್ಲ. ಇಂಥ ತಂಡಗಳು ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಎಲ್ಲೆಡೆಯೂ ಇವೆ, ಆಯ್ಕೆ ಮಾಡುವಾಗ ಏನನ್ನು ನೋಡಬೇಕೆಂಬುದೇ ಇಲ್ಲಿ ಮುಖ್ಯ.

ಹಂಚಿನ ಮನೆಗೆ ಮೊದಲು ಬಂದವರು ಮಾಡು ಹತ್ತಲೇ ಇಲ್ಲ. ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿ, ಮೊಬೈಲಿನಲ್ಲಿ ಶೀಟಿನ ಬಣ್ಣಗಳನ್ನು ತೋರಿಸಿ, ಹಂಚನ್ನೆಲ್ಲ ಇಳಿಸಿ ಕಬ್ಬಿಣದ ಪೈಪಿನ ಮೇಲೆ ಹಂಚಿನ ಅಚ್ಚಿನ ಶೀಟು ಹೊದೆಸಿದರೆ ಮುಂದಿನ ತಲೆಮಾರಿನ ತನಕ ಚಿಂತೆ ಇಲ್ಲ ಎಂದರು. ದರದ ಪಟ್ಟಿಯೂ ಅವರ ಚೀಲದಲ್ಲಿ ಸಿದ್ಧವಾಗಿಯೇ ಇತ್ತು, ಅದೂ ಪೂರ್ತಿ ಮಲಯಾಳದಲ್ಲಿ. ಕನ್ನಡದಲ್ಲಿ ಕೊಡಿ ಎಂದು ಕೇಳಿದ್ದಕ್ಕೆ ಅವರಿಗೆ ನಗು ಬಂತು. ಆ ನಗು ನಮಗೆ ಹೊಸತಲ್ಲವಾದರೂ, ಲಕ್ಷಗಟ್ಟಲೆ ರೂಪಾಯಿಯ ಕರಾರನ್ನು ಓದಿ ತಿಳಿಯದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ.

ಎರಡನೆಯವರು ಅರುವತ್ತು ದಾಟಿದ ಒಬ್ಬ ಮೇಸ್ತ್ರಿ. ಬಂದವರೇ ನೀರು ಬೆಲ್ಲ ಮುಗಿಸಿ, ದರದ ಮಾತೆತ್ತದೆ ಅಟ್ಟ ಹತ್ತಿದರು. ನಡು ಮಧ್ಯಾಹ್ನ ಅಟ್ಟದ ಕತ್ತಲೆಯಲ್ಲಿ ಕುಳಿತರೆ ಎಲ್ಲೆಲ್ಲಿ ಬಿಸಿಲಿನ ಚುಕ್ಕೆ ಕಾಣುತ್ತದೋ ಅಲ್ಲೆಲ್ಲ ಹಂಚು ಜಾರಿದೆ ಅಥವಾ ಒಡೆದಿದೆ ಎಂದು ಲೆಕ್ಕ. ಆಮೇಲೆ ಉಳಿಯ ಹಿಡಿಯಿಂದ ಮಾಡನ್ನು ಹೊರುವ ಇಳಿಜಾರು ಮರಗಳಾದ ಪಕ್ಕಾಸುಗಳಿಗೆ ಒಂದೊಂದಾಗಿ ಕುಟ್ಟುತ್ತ, ಸದ್ದು ಕೇಳುತ್ತ, ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರು. ಒಂದು ಗಂಟೆಯ ನಂತರ ಇಳಿದು ಬಂದು ತುಳುವಿನಲ್ಲಿ ಹೇಳಿದ್ದು ಇಷ್ಟು: "ಭಟ್ರೇ, ಹನ್ನೊಂದು ಪಕ್ಕಾಸು ಹೋಗಿದೆ. ಉಳಿದದ್ದು ನನಗಿಂತ ಗಟ್ಟಿ." ಹೋದ ಹನ್ನೊಂದೂ ಅಡುಗೆಕೋಣೆಯ ಮೇಲಿನವು. ಎಂಟು ವರ್ಷದ ಹಿಂದೆ ನಾವು ಸೌದೆ ಒಲೆ ಬಿಟ್ಟು ಗ್ಯಾಸಿಗೆ ಬಂದೆವು. ಹೊಗೆ ತಾಗುತ್ತಿದ್ದ ಕಾಲದಲ್ಲಿ ಆ ಮರಕ್ಕೆ ಹುಳ ಹತ್ತಿರ ಸುಳಿದಿರಲಿಲ್ಲ, ಹೊಗೆ ನಿಂತ ಮೇಲೆ ಒರಲೆ (ಗೆದ್ದಲು) ಗೋಡೆಯ ಒಳಗಿನಿಂದಲೇ ದಾರಿ ಮಾಡಿಕೊಂಡಿತು. ಅಂಗಳದಲ್ಲಿ ನಿಂತು ನೋಡಿದವರಿಗೆ ಇದು ತಿಳಿಯುವಂಥದ್ದಲ್ಲ.

ಕೆಲಸ ಒಂಬತ್ತು ದಿನ ನಡೆಯಿತು, ಐದು ಜನ, ಸಂಬಳ ದಿನಗೂಲಿಯ ಲೆಕ್ಕ. ಹಂಚುಗಳನ್ನು ಕೈಯಿಂದ ಕೈಗೆ ಇಳಿಸಿ, ಅಂಗಳದಲ್ಲಿ ಮಗ್ಗುಲಾಗಿ ನಿಲ್ಲಿಸಿ, ನಾರಿನ ಬ್ರಶ್ಶಿನಿಂದ ಹಾವಸೆ ತಿಕ್ಕಿ, ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಟಣ್ ಎಂದರೆ ಮೇಲೆ ಹೋಗುತ್ತದೆ. ಡಬ್ ಎಂದರೆ ಕಣ್ಣಿಗೆ ಕಾಣದ ಬಿರುಕು ಇದೆ, ತೋಟದ ದಾರಿಗೆ ಹಾಸುವುದಕ್ಕೆ ಲಾಯಕ್ಕು. ಸುಮಾರು ಎರಡು ಸಾವಿರದ ನಾನೂರರಲ್ಲಿ ಮುನ್ನೂರು ಚಿಲ್ಲರೆ ಹಂಚು ಡಬ್ ಎಂದವು. ಎಂಬತ್ತೇಳು ಮಳೆಗಾಲ ಕಂಡ ಹಂಚಿಗೆ ಇದು ಕೆಟ್ಟ ಅಂಕವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನೇತ್ರಾವತಿಯ ದಂಡೆಯಲ್ಲಿ ಒಂದರ ಹಿಂದೊಂದು ಕಾರ್ಖಾನೆಗಳು ಎದ್ದವು, ಅಲ್ಲಿಂದ ನಮ್ಮ ಕಡೆಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಪ್ರತಿ ಕಾರ್ಖಾನೆಯೂ ಹಂಚಿನ ಮೈಯಲ್ಲಿ ತನ್ನ ಹೆಸರೊತ್ತುತ್ತಿತ್ತು. ಹಾಗೆಯೇ ಪ್ರತಿ ಕಾರ್ಖಾನೆಯ ಅಚ್ಚಿನ ಕಚ್ಚೂ ಕೂದಲೆಳೆಯಷ್ಟು ಬೇರೆ. ಆದ್ದರಿಂದ ಹೊಸ ಹಂಚು ತಂದು ಹಳೆಯದರ ನಡುವೆ ತುರುಕಿದರೆ ಕಚ್ಚು ಕೂಡುವುದಿಲ್ಲ, ಗಾಳಿಮಳೆಗೆ ನೀರು ಆ ಸಂದಿನಿಂದಲೇ ಒಳಗೆ ಬರುತ್ತದೆ. ಮೇಸ್ತ್ರಿ ನಮ್ಮ ಹಂಚೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಪೆರ್ಲದ ಕಡೆ ಕೆಡವುತ್ತಿದ್ದ ಒಂದು ಮನೆಯಿಂದ ಅದೇ ಮುದ್ರೆಯ ಹಂಚುಗಳನ್ನು ಹುಡುಕಿ ತಂದರು. ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳ ಅಂತರಕ್ಕೆ ಟೇಪು ಹಿಡಿಯಲಿಲ್ಲ. ನಮ್ಮದೇ ಎರಡು ಹಂಚನ್ನು ಒಂದರ ಮೇಲೊಂದು ಕಚ್ಚಿಸಿಟ್ಟು, ಆ ಅಳತೆಗೆ ಒಂದು ಅಡಿಕೆ ಸಲಿಕೆ ಕತ್ತರಿಸಿ, ಕೊನೆಯ ರೀಪಿನ ತನಕ ಅದರಿಂದಲೇ ಅಳೆದರು. ಎರಡು ಮಾಡು ಕೂಡುವ ಮೂಲೆಯಲ್ಲಿ ತೂತಾಗಿದ್ದ ಹಳೆಯ ತಗಡನ್ನು ತೆಗೆದು ಅಗಲವಾದ ಅಲ್ಯೂಮಿನಿಯಂ ಹಾಳೆ ಹಾಸಿದರು.

ದೂರುಗಳೂ ಇವೆ. ಹೇಳಿದ ದಿನ ಬರಲಿಲ್ಲ; ಒಮ್ಮೆ ಮದುವೆ, ಒಮ್ಮೆ ಭೂತದ ಕೋಲ ಎಂದು ಮಾಡು ಬಿಚ್ಚಿಟ್ಟ ಮನೆಯಲ್ಲಿ ನಾವು ಎರಡು ರಾತ್ರಿ ಮೋಡ ನೋಡುತ್ತ ಮಲಗಿದೆವು. ಬಿಲ್ಲು, ರಸೀದಿ ಏನೂ ಇಲ್ಲ, ಎಲ್ಲವೂ ಬಾಯಿಮಾತು. ಆದರೆ ಜೂನಿನ ಎರಡನೇ ವಾರ ಚಾವಡಿಯಲ್ಲಿ ತಟತಟ ಎಂದಾಗ ಫೋನು ಮಾಡಿದರೆ ಮೂರನೇ ದಿನ ಆ ಬಾಯಿಮಾತೇ ಏಣಿ ಹೊತ್ತುಕೊಂಡು ಬಂತು. ಮಂಗಗಳು ಹಾರಿ ಒಂದು ಹಂಚು ಸರಿದಿತ್ತು, ಅಷ್ಟೆ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಅಕ್ಕನ ಮನೆಯ ಕಥೆ ಇದಕ್ಕೆ ತಿರುಗುಮುರುಗು: ಹೇಳಿದ ಸಮಯಕ್ಕೆ ಬಂದರು, ಸಮವಸ್ತ್ರ ಹಾಕಿದ್ದರು, ಹತ್ತು ವರ್ಷದ ಗ್ಯಾರಂಟಿ ಕಾರ್ಡು ಕೊಟ್ಟರು, ಕೆಲಸ ಮಾತ್ರ ಬಾಳಿಕೆ ಬರಲಿಲ್ಲ. ಸ್ಲಾಬಿನ ಸೋರಿಕೆಗೆ ಲೇಪನ ಹಚ್ಚುವ ತಂಡವದು. ಹಿಂದಿನ ಸಂಜೆ ಬೇಸಗೆಮಳೆ ಬಂದು ಟೆರೇಸು ಒದ್ದೆಯಾಗಿತ್ತು. ಪೊರಕೆಯಿಂದ ಗುಡಿಸಿ, ಹಾವಸೆಯ ಕಪ್ಪು ಇನ್ನೂ ಇರುವಾಗಲೇ ಅದರ ಮೇಲೆ ಬಿಳಿ ದ್ರಾವಣವನ್ನು ಒಂದೇ ದಿನದಲ್ಲಿ ಎರಡು ಕೈ ಬಳಿದು ಮಧ್ಯಾಹ್ನ ನಾಲ್ಕಕ್ಕೆ ಹೊರಟರು. ಜುಲೈಯಲ್ಲಿ ಅದು ಕಾಯಿಸಿದ ಹಾಲಿನ ಕೆನೆಯ ಹಾಗೆ ಎದ್ದು ಬಂತು, ಅಕ್ಕ ಅಂಗೈಯಗಲದ ತುಂಡೊಂದನ್ನು ಸುಲಿದು ನನಗೆ ತೋರಿಸಿದಳು. ಅದರ ಕೆಳಮೈಗೆ ಹಾವಸೆ ಅಂಟಿಕೊಂಡೇ ಇತ್ತು. ಲೇಪನ ಕಾಂಕ್ರೀಟಿಗೆ ಹಿಡಿದಿರಲೇ ಇಲ್ಲ. ಫೋನು ಮಾಡಿದರೆ ಕಾರ್ಡಿನ ಹಿಂಬದಿ ಓದಿ ಎಂದರು. ಕಟ್ಟಡದ ಬಿರುಕಿನಿಂದಾಗುವ ಸೋರಿಕೆಗೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಅಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬಿರುಕಿಲ್ಲದೆ ಸೋರುವ ಟೆರೇಸನ್ನು ನಾನಂತೂ ಕಂಡಿಲ್ಲ.

ಲೇಪನವೇ ಮೋಸ ಎಂದು ನಾನು ಹೇಳುತ್ತಿಲ್ಲ. ಮೈಯನ್ನು ಉಜ್ಜಿ ತೊಳೆದು ಪೂರ್ತಿ ಒಣಗಿಸಿ, ಬಿರುಕುಗಳನ್ನು ವಿ ಆಕಾರದಲ್ಲಿ ಕೆತ್ತಿ ತುಂಬಿಸಿ, ಕೈಪಿಡಿಗೋಡೆಯ ಬುಡದ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ ಹಚ್ಚಿ, ಕೊನೆಗೆ ನೀರು ನಿಲ್ಲಿಸಿ ಎರಡು ದಿನ ಕಾದು ನೋಡಿದರೆ ಅದು ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ಅಕ್ಕನ ಮನೆಯ ಕಾಯಿಲೆ ಇನ್ನೂ ಆಳದ್ದು. ಗಲ್ಫಿನ ದುಡ್ಡು ಬರತೊಡಗಿದ ಕಾಲದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಎದ್ದ ಚಪ್ಪಟೆ ಟೆರೇಸುಗಳಲ್ಲಿ ನೀರು ಹರಿಯುವಷ್ಟು ಇಳಿಜಾರೇ ಇಲ್ಲದವು ಎಷ್ಟೋ ಇವೆ. ಅಲ್ಲಿ ನಿಂತ ನೀರಿನೊಂದಿಗೆ ಕಡಲಗಾಳಿಯ ಉಪ್ಪೂ ಬಿರುಕಿನೊಳಗಿಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟಿನ ಹೊಪ್ಪಳೆಯನ್ನು ಕೆಳಗೆ ಬೀಳಿಸುತ್ತದೆ. ಅಕ್ಕನ ಊಟದ ಕೋಣೆಯಲ್ಲಿ ತಟ್ಟೆಯಗಲದ ಹೊಪ್ಪಳೆ ಬಿದ್ದು ಕಂಬಿ ಕಾಣುತ್ತಿತ್ತು. ಅದನ್ನು ಕಣ್ಣಾರೆ ನೋಡಿಯೂ ಮೇಲಿನಿಂದ ಬಣ್ಣ ಬಳಿದು ಹೋದವರಿಗೆ ಐದರಲ್ಲಿ ಒಂದು ಅಂಕ ಕೊಡುತ್ತೇನೆ, ಅದು ಸಮಯಕ್ಕೆ ಬಂದದ್ದಕ್ಕೆ.

ಅಡಿಕೆ ಅಂಗಳದ ಶೀಟಿನವರು ಮುಳ್ಳೇರಿಯ ಕಡೆಯ ಇಬ್ಬರು ತರುಣರು ಮತ್ತು ಅವರ ನಾಲ್ಕು ಜನ ವೆಲ್ಡಿಂಗಿನವರು. ಅವರು ಕೇಳಿದ ಮೊದಲ ಪ್ರಶ್ನೆ, ಇಲ್ಲಿಂದ ಕಡಲು ಎಷ್ಟು ದೂರ ಎಂದು. ನನಗೆ ಅಲ್ಲಿಗೇ ಅರ್ಧ ನಂಬಿಕೆ ಬಂತು. ಉಪ್ಪಿನ ಗಾಳಿ ತಾಗದ ಒಳನಾಡಿಗೆ ಅಲ್ಯೂಮಿನಿಯಂ-ಸತು ಲೇಪನದ ಉಕ್ಕಿನ ಶೀಟು ಸಾಕು, ಕಡಲ ಬದಿಗಾದರೆ ಪೂರ್ತಿ ಅಲ್ಯೂಮಿನಿಯಂ ಒಳ್ಳೆಯದು ಎಂದು ವಿವರಿಸಿದರು. ಅಡಿಕೆ ಒಣಗಲು ನಲುವತ್ತು ದಿನದ ಆಸುಪಾಸಿನಷ್ಟು ಬಿಸಿಲು ಬೇಕಾದ್ದರಿಂದ ನಮ್ಮ ಅಂಗಳದ ಮುಕ್ಕಾಲು ಪಾಲಿಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಕಿ, ಮೂಟೆ ಇಡುವ ಬದಿಗೆ ಮಾತ್ರ 0.45 ಮಿಲಿಮೀಟರು ದಪ್ಪದ ಬಣ್ಣದ ಶೀಟು ಹೊದೆಸಿದರು. ಕಾರ್ತಿಕದಲ್ಲಿ ಮೋಡ ಕಂಡಾಗಲೆಲ್ಲ ಟಾರ್ಪಾಲು ಎಳೆದುಕೊಂಡು ಓಡುತ್ತಿದ್ದ ನನ್ನ ಕಾಲಿಗೆ ಈ ವರ್ಷ ಬಿಡುವು ಸಿಕ್ಕಿದೆ.

ಕೆಲಸದ ಅಚ್ಚುಕಟ್ಟು ಸಣ್ಣ ಸಂಗತಿಗಳಲ್ಲಿತ್ತು. ಸ್ಕ್ರೂಗಳನ್ನು ಶೀಟಿನ ಏರಿನಲ್ಲೇ ಕೊರೆದರು, ನೀರು ಹರಿಯುವ ತಗ್ಗಿನಲ್ಲಿ ಒಂದೂ ಇಲ್ಲ. ರಬ್ಬರಿನ ವಾಷರು ಚಪ್ಪಟೆಯಾಗಿ ಹೊರಗೆ ಉಬ್ಬುವಷ್ಟು ಬಿಗಿಯಲಿಲ್ಲ. ಸಂಜೆಯ ಹೊತ್ತು ಒಬ್ಬ ಹುಡುಗ ಮೆತ್ತನೆಯ ಪೊರಕೆ ಹಿಡಿದು ಮಾಡಿನ ಮೇಲಿನ ಕಬ್ಬಿಣದ ಪುಡಿಯನ್ನೆಲ್ಲ ಗುಡಿಸಿದ. ಯಾಕೆಂದು ಕೇಳಿದೆ. ಆ ಪುಡಿ ಅಲ್ಲೇ ಉಳಿದರೆ ಮೊದಲ ಮಳೆಗೆ ತುಕ್ಕಾಗಿ ಶೀಟಿನ ಬಣ್ಣವನ್ನೇ ತಿನ್ನುತ್ತದಂತೆ. ಹೀಗೆ ಗುಡಿಸದೆ ಹೋದವರ ಮಾಡುಗಳಲ್ಲಿ ಕೆಂಪು ಚುಕ್ಕೆ ಎದ್ದದ್ದನ್ನು ನಮ್ಮ ನೆರೆಕರೆಯಲ್ಲೇ ನೋಡಬಹುದು.

ತಪ್ಪಿದ್ದು ಮಾಡಿನ ಅಂಚಿನ ನೀರು ಹಿಡಿಯುವ ದಂಬೆಯಲ್ಲಿ. ನಾಲ್ಕು ಇಂಚಿನ ಪೈಪನ್ನು ಸೀಳಿ ಎರಡು ಬದಿಗೆ ಕಟ್ಟಿದ್ದರು. ನಮ್ಮ ಮಾಡು 1,800 ಚದರಡಿ. ಒಂದು ಗಂಟೆಯಲ್ಲಿ 25 ಮಿಲಿಮೀಟರು ಮಳೆ ಬಿದ್ದರೂ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ, ಆಟಿ ತಿಂಗಳ ಜಡಿಮಳೆಗೆ ಇದು ಏನೇನೂ ಅಲ್ಲ. ನೀರು ದಂಬೆಯನ್ನು ಹಾರಿ ಅಂಗಳದ ಬದಿಯ ಮಣ್ಣನ್ನು ಕೊರೆಯಿತು. ಅಡಿಕೆ ಮರ ಸೀಳಿ ದಂಬೆ ಕಟ್ಟುತ್ತಿದ್ದ ಅಜ್ಜನಿಗೆ ಈ ಲೆಕ್ಕ ಬಾಯಿಪಾಠವಾಗಿತ್ತೋ ಏನೋ. ತರುಣರು ತಪ್ಪನ್ನು ಒಪ್ಪಿಕೊಂಡು, ಸಾಮಾನಿನ ಹಣ ಮಾತ್ರ ಪಡೆದು ಆರು ಇಂಚಿನದನ್ನು ಹಾಕಿಕೊಟ್ಟರು. ಐದರಲ್ಲಿ ನಾಲ್ಕು.

ಶೀಟು ವಾಸದ ಮನೆಗೂ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಕೆಳಗೆ ಬೇರೆ ಸೀಲಿಂಗು ಇಲ್ಲದಿದ್ದರೆ ಮಾರ್ಚಿನ ಮಧ್ಯಾಹ್ನ ಒಳಗೆ ಕೂರಲಾಗದು, ಜುಲೈಯ ರಾತ್ರಿ ಪಕ್ಕದಲ್ಲಿ ಮಲಗಿದವರ ಮಾತು ಕೇಳದು. ಸ್ಲಾಬಿನ ಮೇಲೆ ಎತ್ತರಿಸಿ ಹಾಕಿದರೆ ಈ ಎರಡೂ ತೊಂದರೆ ಕಡಿಮೆ. ಅಕ್ಕನ ಮನೆಗೆ ಫೆಬ್ರವರಿಯಲ್ಲಿ ಅದನ್ನೇ ಮಾಡಿಸುವುದೆಂದು ನಿಶ್ಚಯವಾಗಿದೆ: ಮೊದಲು ಕೆಳಗಿನಿಂದ ಕಂಬಿಯ ತುಕ್ಕು ಕೆರೆದು ರಿಪೇರಿ, ಆಮೇಲೆ ಸತು ಲೇಪನದ ಪೈಪಿನ ಮೇಲೆ ಅಲ್ಯೂಮಿನಿಯಂ ಶೀಟು. ಮುಳ್ಳೇರಿಯದ ತರುಣರೇ ಬರುತ್ತಾರೆ, ಅಳತೆಯೂ ಆಗಿದೆ. ಪಂಚಾಯತಿನಲ್ಲಿ ವಿಚಾರಿಸುವ ಕೆಲಸ ಭಾವನದು. ಈ ಸಲ ಕೊಟೇಷನ್ನನ್ನು ಕನ್ನಡದಲ್ಲೇ ಬರೆಸಿಕೊಂಡಿದ್ದೇವೆ, ದಂಬೆ ಆರು ಇಂಚು ಎಂಬ ಸಾಲೂ ಅದರಲ್ಲಿದೆ.

ಹಂಚಿನ ಮೇಸ್ತ್ರಿಗೆ ಬೇಡಿಕೆ ಹೆಚ್ಚು, ಅವರ ಹಾಗೆ ಮಾಡು ಹತ್ತಿ ಹಂಚು ಕೈಯಾಡಿಸುವವರು ನಮ್ಮ ಕಡೆ ಬೆರಳೆಣಿಕೆಯವರು. ಚಾವಡಿಯ ಉತ್ತರ ಬದಿಯ ರೀಪುಗಳನ್ನು ಮುಂದಿನ ವರ್ಷ ನೋಡೋಣ ಎಂದು ಅವರೇ ಹೇಳಿ ಹೋಗಿದ್ದಾರೆ. ವಿಷುವಿನ ಮೊದಲು ನೆನಪಿಸಬೇಕಂತೆ, ಮೇ ಕೊನೆಯ ವೇಳೆಗೆ ಬರುವ ಪತ್ತನಾಜೆಯೊಳಗೆ ಮುಗಿಸಿಕೊಡುತ್ತಾರಂತೆ. ಮದುವೆ, ಕೋಲಗಳ ದಿನ ಬಿಟ್ಟು.