ಪಾಬಳದ ವಿಜ್ಞಾನ ಆಶ್ರಮ: ಒಂಬತ್ತನೆಯ ತರಗತಿಯ ಮಗನೊಂದಿಗೆ ನೋಡಿ ಬಂದದ್ದು

ಪುಣೆಯಲ್ಲಿ ಮಕ್ಕಳು ಒಂಬತ್ತನೆಯ ತರಗತಿಗೆ ಬಂದರೆ ಸಾಕು, ಮುಂದೆ ವಿಜ್ಞಾನವೋ ವಾಣಿಜ್ಯವೋ ಎಂಬ ಚರ್ಚೆ ಇಲ್ಲಿನ ಕನ್ನಡಿಗರ ಮನೆಗಳಲ್ಲೂ ಆರಂಭವಾಗುತ್ತದೆ. ನಾವು ಮಗನನ್ನು ಮೊದಲು ನಗರದ ಒಂದು ವೃತ್ತಿ ಮಾರ್ಗದರ್ಶನ ಕೇಂದ್ರಕ್ಕೆ ಕರೆದೊಯ್ದೆವು. ಒಂದೂವರೆ ಗಂಟೆ ಕಂಪ್ಯೂಟರ್ ಮುಂದೆ ಕುಳಿತು ಉತ್ತರಿಸಿದ ಮೇಲೆ ಬಂದ ವರದಿಯಲ್ಲಿ ಎಂಜಿನಿಯರಿಂಗ್, ವಾಸ್ತುಶಿಲ್ಪ, ಮ್ಯಾನೇಜ್‌ಮೆಂಟ್ ಮೂರೂ ಅವನಿಗೆ ಒಗ್ಗುತ್ತವೆ ಎಂದಿತ್ತು. ಆ ಕೆಲಸಗಳಲ್ಲಿ ದಿನವಿಡೀ ಏನು ಮಾಡುತ್ತಾರೆ ಎಂಬ ಅವನ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರ ಸಿಗಲಿಲ್ಲ. ಪರಿಚಿತರೊಬ್ಬರು ಪಾಬಳಕ್ಕೆ ಹೋಗಿ ನೋಡಿ ಎಂದರು.

ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ಪಾಬಳದಲ್ಲಿರುವ ವಿಜ್ಞಾನ ಆಶ್ರಮವನ್ನು 1983ರಲ್ಲಿ ಆರಂಭಿಸಿದವರು ಡಾ. ಶ್ರೀನಾಥ ಕಲಬಾಗ್. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ), ಆಮೇಲೆ ಮುಂಬೈಯ ಹಿಂದೂಸ್ತಾನ್ ಲೀವರ್‌ನಲ್ಲಿ ಸಂಶೋಧನೆ ನಡೆಸಿದ್ದ ಅವರು, ಕೈಯಿಂದ ಕೆಲಸ ಮಾಡುತ್ತಲೇ ಬುದ್ಧಿ ಬೆಳೆಯುತ್ತದೆ ಎಂದು ನಂಬಿ ಈ ಹಳ್ಳಿಗೆ ಬಂದು ನೆಲೆಸಿದರು. ಅವರು ರೂಪಿಸಿದ ಮೂಲ ತಂತ್ರಜ್ಞಾನ ಪರಿಚಯ ಎಂಬ ಪಠ್ಯಕ್ರಮವನ್ನು ಅಳವಡಿಸಿಕೊಂಡ ಪ್ರೌಢಶಾಲೆಗಳಲ್ಲಿ 8ರಿಂದ 10ನೆಯ ತರಗತಿಯ ಮಕ್ಕಳು ವಾರದಲ್ಲಿ ಒಂದು ದಿನ ಎಂಜಿನಿಯರಿಂಗ್, ಇಂಧನ ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಗೃಹ ಮತ್ತು ಆರೋಗ್ಯ ಎಂಬ ನಾಲ್ಕೂ ವಿಭಾಗಗಳ ಕೆಲಸ ಕಲಿಯುತ್ತಾರೆ. ಹುಡುಗರಿಗೆ ವೆಲ್ಡಿಂಗ್, ಹುಡುಗಿಯರಿಗೆ ಅಡುಗೆ ಎಂಬ ಹಂಚಿಕೆ ಅಲ್ಲಿಲ್ಲ. ಇದು ನನಗೆ ಬಹಳ ಮೆಚ್ಚುಗೆಯಾಯಿತು.

ಆಶ್ರಮದಲ್ಲೇ ಒಂದು ವರ್ಷ ಉಳಿದು ಕಲಿಯುವ ಗ್ರಾಮೀಣ ತಂತ್ರಜ್ಞಾನದ ಡಿಪ್ಲೊಮಾ ವಿದ್ಯಾರ್ಥಿಗಳು ನಾವು ಹೋದ ದಿನ ಕಬ್ಬಿಣದ ಮೇಜೊಂದನ್ನು ಸಿದ್ಧಪಡಿಸುತ್ತಿದ್ದರು. ಮಗನನ್ನು ಹಿಡಿದು ನಿಲ್ಲಿಸಿದ್ದು ವೆಲ್ಡಿಂಗ್‌ನ ಕಿಡಿಗಳಲ್ಲ, ಅದಕ್ಕೂ ಮೊದಲಿನ ಲೆಕ್ಕ. ಎಷ್ಟು ಅಡಿ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಬೇಕು, ಕತ್ತರಿಸುವಾಗ ಎಷ್ಟು ವ್ಯರ್ಥವಾಗುತ್ತದೆ, ಬಣ್ಣಕ್ಕೆಷ್ಟು, ಕೂಲಿ ಎಷ್ಟು ಎಂದು ಅವನಿಗಿಂತ ಎರಡು ವರ್ಷ ದೊಡ್ಡವನಾದ ಹುಡುಗನೊಬ್ಬ ನೋಟುಪುಸ್ತಕದಲ್ಲಿ ಬರೆದು ತೋರಿಸಿದ. ಗಣಿತದ ಪರೀಕ್ಷೆಯಲ್ಲಿ ತಡವರಿಸುವ ನನ್ನ ಮಗ ಆ ಪುಟದ ಮುಂದೆ ಅರ್ಧ ಗಂಟೆ ಕುಳಿತು, ಕೊನೆಗೆ ಕೂಲಿಯ ಲೆಕ್ಕದಲ್ಲಿದ್ದ ಒಂದು ತಪ್ಪನ್ನು ತಾನೇ ಹುಡುಕಿದ. ಹಿಂತಿರುಗುವಾಗ ಅವನು ಕೇಳಿದ್ದು ಎಂಜಿನಿಯರಿಂಗ್ ಕಾಲೇಜಿನ ಬಗ್ಗೆ ಅಲ್ಲ, ಅಂದಾಜುಪಟ್ಟಿ ಬರೆಯುವುದನ್ನೇ ಉದ್ಯೋಗ ಮಾಡಿಕೊಂಡವರು ಇದ್ದಾರೆಯೇ ಎಂದು.

ಎಲ್ಲರಿಗೂ ಇದು ಹೊಂದುತ್ತದೆ ಎನ್ನಲಾರೆ. ನಾವು ಕಂಡ ಕಲಿಕೆಯೆಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಮಕ್ಕಳು ಮೊದಲು ತಡವರಿಸುತ್ತಾರೆ. ಒಂದು ದಿನದ ಭೇಟಿಯಿಂದ ಕೆಲಸ ಕಲಿತಂತಾಗುವುದಿಲ್ಲ. ವಾರದ ಆ ಒಂದು ದಿನ ಸಿಗಬೇಕಾದರೆ ಶಾಲೆಯೇ ಮುಂದೆ ಬರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರಿಗೆ ಸ್ಥಳೀಯ ಕುಶಲಕರ್ಮಿಗಳೊಂದಿಗೆ ಕಳೆಯಲು ಪುಸ್ತಕದ ಚೀಲವಿಲ್ಲದ 10 ದಿನಗಳ ಅವಧಿಯನ್ನು ಸೂಚಿಸಿದೆ. ಅದನ್ನು ನಿಜವಾದ ಕೆಲಸಕ್ಕೆ ಬಳಸುತ್ತೀರಾ ಎಂದು ಪಾಲಕರ ಸಭೆಯಲ್ಲಿ ನಾವೆಲ್ಲ ಕೇಳಬೇಕು.

ನೋಡಲು ಹೋಗುವವರು ಮೊದಲೇ ತಿಳಿಸಿ, ರಜೆಯಲ್ಲದ ದಿನ ಬೆಳಿಗ್ಗೆಯೇ ತಲುಪಿರಿ. ಕೆಲಸ ನಡೆಯುತ್ತಿರುವಾಗ ಮಕ್ಕಳನ್ನು ಅಲ್ಲಿನ ವಿದ್ಯಾರ್ಥಿಗಳ ಜೊತೆಗೆ ಬಿಟ್ಟು, ನೀವು ಸ್ವಲ್ಪ ದೂರದಲ್ಲಿ ಕುಳಿತಿರಿ.