ಇಎಸ್‌ಪಿ32 ಬೋರ್ಡ್: ಸುರಂಗದ ಟ್ಯಾಂಕಿಗೆ ಕಟ್ಟಿ ನೋಡಬೇಕಾದ್ದು

ಸಿಲೆಬಸ್‌ನ ಮೈಕ್ರೋಕಂಟ್ರೋಲರ್ ಪಾಠ ಪರೀಕ್ಷೆಯ ಮಟ್ಟಿಗೆ ಸಾಕು. ತಾನಾಗಿ ಏನಾದರೂ ಕಟ್ಟಿ ಕಲಿಯಬೇಕೆನ್ನುವ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಬೋರ್ಡಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. 240 ಮೆಗಾಹರ್ಟ್ಸ್‌ನ ಎರಡು ಕೋರ್, 520 ಕೆಬಿ ರ‍್ಯಾಮ್, ವೈಫೈ, ಬ್ಲೂಟೂತ್ ಎಲ್ಲ ಒಂದೇ ಕಡೆ. ಬಿಡಿಭಾಗ ತುಂಬಿದ ದೊಡ್ಡ ಕಿಟ್ ಬೇಡ. ಈ ಬೋರ್ಡ್, ಒಂದೆರಡು ಸೆನ್ಸರ್, ಮನೆಯದೇ ಒಂದು ಪ್ರಶ್ನೆ ಇದ್ದರಾಯಿತು.

ಪ್ರಶ್ನೆಗೆ ಕಾಸರಗೋಡಿನಲ್ಲಿ ಬರವಿಲ್ಲ. ಬಾಯಾರು, ಎಣ್ಮಕಜೆ ಕಡೆಯ ಅಡಿಕೆ ತೋಟಗಳಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಟ್ಯಾಂಕಿಗೆ ಬಂದು ಬೀಳುತ್ತದೆ. ಎಪ್ರಿಲ್‌ನಲ್ಲಿ ಅದು ಗಂಟೆಗೆ ಎಷ್ಟು ಲೀಟರಿಗೆ ಇಳಿಯಿತು? 3 ಮೀಟರ್ ಉದ್ದ, 2 ಮೀಟರ್ ಅಗಲದ ಟ್ಯಾಂಕಿಯಲ್ಲಿ ನೀರು 1 ಸೆಂ.ಮೀ. ಏರಿದರೆ 60 ಲೀಟರ್. ಶಬ್ದ ಕಳಿಸಿ ಅದರ ಪ್ರತಿಧ್ವನಿ ಬರುವ ಸಮಯದಿಂದ ದೂರ ಅಳೆಯುವ ಅಲ್ಟ್ರಾಸೋನಿಕ್ ಸೆನ್ಸರನ್ನು ಮೇಲಿನಿಂದ ಕಟ್ಟಿ ಹತ್ತು ನಿಮಿಷಕ್ಕೊಮ್ಮೆ ಅಳೆದರೆ ಉತ್ತರ ಸಿಗಬೇಕು.

ಮೊದಲ ದಿನವಂತೂ ಸಿಗುವುದಿಲ್ಲ. ಜಾಲದಿಂದ ಎತ್ತಿದ ಕೋಡ್ ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದು ಹಿಡಿದಿರುತ್ತದೆ. ಅದು 20 ಡಿಗ್ರಿಯ ಲೆಕ್ಕ. 35 ಡಿಗ್ರಿಯಲ್ಲಿ ವೇಗ ಸುಮಾರು 352. ನೀರು 2 ಮೀಟರ್ ಕೆಳಗಿದ್ದರೆ ಸೆನ್ಸರ್ 1.95 ಎನ್ನುತ್ತದೆ, ಅಂದರೆ ಇಲ್ಲದ 300 ಲೀಟರ್ ನೀರನ್ನು ಇದೆ ಎಂದು ತೋರಿಸುತ್ತದೆ. ಡಿಎಸ್18ಬಿ20 ಉಷ್ಣತಾ ಸೆನ್ಸರನ್ನು ಟ್ಯಾಂಕಿಯೊಳಗಿನ ಗಾಳಿಯಲ್ಲೇ ನೇತುಹಾಕಿ (ಡಾಟಾ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಮರೆಯಬೇಡಿ), ವೇಗ = 331.3 + 0.606 × ಉಷ್ಣತೆ ಎಂದು ಬರೆಯಿರಿ. ಪ್ಲಸ್ ಟುವಿನ ಭೌತಶಾಸ್ತ್ರ ಇಲ್ಲಿ ಲೀಟರಿನ ಲೆಕ್ಕಕ್ಕೆ ಬರುತ್ತದೆ. ಇಂಥದ್ದನ್ನು ಯಾವ ರೆಕಾರ್ಡ್ ಪುಸ್ತಕವೂ ಕಲಿಸುವುದಿಲ್ಲ.

ಅಗ್ಗದ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸೋನಿಕ್ ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಬೋರ್ಡಿನ ಪಿನ್ ತಾಳುವುದು 3.3. ಎಕೋದಿಂದ ಪಿನ್ನಿಗೆ 1 ಕಿಲೋಓಮ್, ಪಿನ್ನಿಂದ ಗ್ರೌಂಡಿಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ. ಟ್ಯಾಂಕಿಯ ಆವಿಗೆ ಈ ಸೆನ್ಸರ್ ಬೇಗ ಕೆಡುತ್ತದೆ. ನೀರು ತಾಳುವ ಜೆಎಸ್‌ಎನ್ ಮಾದರಿಯೇ ವಾಸಿ, ಆದರೆ ಅದಕ್ಕೆ ತೀರಾ ಹತ್ತಿರದ್ದು ಕಾಣದು. ತುಂಬಿದ ಮಟ್ಟಕ್ಕಿಂತ 30 ಸೆಂ.ಮೀ. ಮೇಲೆ ಕಟ್ಟಿ.

ಬೋರ್ಡಿನ ಮೇಲೂ ದೂರುಗಳಿವೆ. ಬರೀ ಚಾರ್ಜಿಂಗ್ ಕೇಬಲ್ ಹಾಕಿದರೆ ಕಂಪ್ಯೂಟರಿಗೆ ಬೋರ್ಡ್ ಕಾಣುವುದೇ ಇಲ್ಲ. ಆನ್ ಆಗುವ ಹೊತ್ತಿಗೆ 12ನೇ ಪಿನ್ನಿಗೆ ವೋಲ್ಟೇಜ್ ಇದ್ದರೆ ಬೂಟ್ ಆಗದೆ ನಿಲ್ಲುತ್ತದೆ. ವೈಫೈ ಓಡುವಾಗ ಎಡಿಸಿ2 (ವೋಲ್ಟೇಜನ್ನು ಅಂಕಿಯಾಗಿಸುವ ಎರಡನೇ ಘಟಕ) ಪಿನ್‌ಗಳಲ್ಲಿ ಅನಲಾಗ್ ಅಳತೆ ಆಗದು. ಬ್ಯಾಟರಿ ವೋಲ್ಟೇಜ್ ನೋಡಲು ಆ ಗುಂಪಿಗೆ ಸೇರದ 34ನೇ ಪಿನ್ ಬಳಸಿ (3.3 ವೋಲ್ಟ್ ಮೀರದಂತೆ). ಪಿನ್ನಿನ ಈ ತಕರಾರುಗಳಿಗೆ ಕಾರಣ ಚಿಪ್ ತಯಾರಿಸುವ ಎಸ್ಪ್ರೆಸಿಫ್ ಕಂಪನಿಯ ದಾಖಲೆಗಳಲ್ಲಿದೆ, ಕೆಟ್ಟಾಗಲೇ ಅವನ್ನು ತೆರೆದು ಓದಿ.

ಎರಡು ಅಳತೆಗಳ ನಡುವೆ ಚಿಪ್ಪನ್ನು ಮಲಗಿಸಬಹುದು. ಆ ಗಾಢನಿದ್ರೆಯಲ್ಲಿ (ಡೀಪ್ ಸ್ಲೀಪ್) ಚಿಪ್ ಎಳೆಯುವುದು ಸುಮಾರು 10 ಮೈಕ್ರೋಆಂಪಿಯರ್ ಮಾತ್ರ. ಬೋರ್ಡಿನ ಎಲ್‌ಇಡಿ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಸೇರಿ ಅದನ್ನು ಮಿಲಿಆಂಪಿಯರ್‌ಗೆ ಏರಿಸುತ್ತವೆ. ಬ್ಯಾಟರಿ ಹೆಚ್ಚು ದಿನ ಬರಬೇಕಿದ್ದರೆ ಸದಾ ಉರಿಯುವ ಆ ಎಲ್‌ಇಡಿಯನ್ನು ಮೊದಲು ಕಿತ್ತುಹಾಕಿ.