ಅಪ್ಪನ ಡಬ್ಬಿಯ ಫಾರಿನ್ ನಾಣ್ಯ: ನಾನು ಮಾಡಿದ್ದನ್ನ ನೀವು ಮಾಡ್ಬೇಡಿ

ಅಪ್ಪ ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ರು, ಮೊದ್ಲು ಎರಿಟ್ರಿಯಾ, ಆಮೇಲೆ ಈಜಿಪ್ಟ್, ಕೊನೆಗೆ ಇಟಲಿ. ಅವರು ಹೋದ್ಮೇಲೆ ಟ್ರಂಕಿನ ತಳದಲ್ಲಿ ಒಂದು ತಗಡಿನ ಡಬ್ಬಿ ಸಿಕ್ತು, ಒಳಗೆ ನಲವತ್ತು ಚಿಲ್ರೆ ನಾಣ್ಯ, ಕೆಲವನ್ನ ಕಾಗದದಲ್ಲಿ ಪೊಟ್ಟಣ ಕಟ್ಟಿ ಮೇಲೆ ಪೆನ್ಸಿಲಲ್ಲಿ ಏನೋ ಬರ್ದಿದ್ರು. ನಾನು ಮಾಡಿದ ಮೊದಲ್ನೇ ಘನಕಾರ್ಯ ಅಂದ್ರೆ ಪೊಟ್ಟಣ ಎಲ್ಲ ಬಿಚ್ಚಿ ನಾಣ್ಯಾನ ಒಂದೇ ಪಾತ್ರೆಗೆ ಸುರ್ದು ಕಾಗದ ಕಸಕ್ಕೆ ಹಾಕಿದ್ದು. ಎರಡನೇದು ಟೂತ್‌ಪೇಸ್ಟ್ ಹಚ್ಚಿ ಹಳೇ ಬ್ರಷ್ಷಲ್ಲಿ ಉಜ್ಜಿದ್ದು. ಫಳಫಳ ಹೊಳೆದ್ವು, ನಂಗೂ ಭಾರಿ ಖುಷಿ. ಆಮೇಲೆ ಲೆನ್ಸ್ ಹಿಡಿದು ನೋಡಿದ್ರೆ ರಾಜ ರಾಣಿಯರ ಮುಖದ ತುಂಬಾ ಗೀರು. ಬೆಳ್ಳಿ ಮೇಲೆ ವರ್ಷಾನುಗಟ್ಟಲೆ ಕೂತ ಆ ಕಪ್ಪು ಬಣ್ಣ ಕೊಳೆ ಅಲ್ಲ ಮಾರಾಯ್ರೆ, ಸಂಗ್ರಹ ಮಾಡೋರು ಅದನ್ನೇ ಹುಡುಕೋದು, ಉಜ್ಜಿದ ನಾಣ್ಯ ಅವರು ನೋಡಿದ ತಕ್ಷಣ ಗುರುತು ಹಿಡೀತಾರೆ.

ಅದ್ರಲ್ಲಿ ಒಂದು ದೊಡ್ಡ ಬೆಳ್ಳಿ ನಾಣ್ಯದ ಮೇಲೆ 1780 ಅಂತಿತ್ತು. ನೆಟ್ಟಲ್ಲಿ ಹುಡುಕಿದ್ರೆ ಅದೇ ತರದ್ದಕ್ಕೆ ಯಾರ್ಯಾರೋ ಏನೇನೋ ರೇಟು ಹಾಕ್ಕೊಂಡು ಕೂತಿದ್ರು, ನಾನು ಮನಸ್ಸಲ್ಲೇ ಮನೆ ರಿಪೇರಿ ಮುಗಿಸಿಬಿಟ್ಟೆ. ಅದು ಮರಿಯಾ ತೆರೇಸಾ ಥಾಲರ್, ಆಸ್ಟ್ರಿಯಾದ ರಾಣಿಯ ಹೆಸರಿನ ಬೆಳ್ಳಿ ನಾಣ್ಯ. ರಾಣಿ ತೀರಿಕೊಂಡಿದ್ದು 1780ರಲ್ಲಿ, ಆದ್ರೆ ಇಥಿಯೋಪಿಯಾ, ಅರೇಬಿಯಾ ಕಡೆ ಜನ ಆ ನಾಣ್ಯ ಬಿಟ್ಟು ಬೇರೇದು ಮುಟ್ತಿರ್ಲಿಲ್ಲ ಅಂತ ಅದೇ ಇಸವಿ ಹಾಕಿ ವಿಯೆನ್ನಾ, ರೋಮ್, ಲಂಡನ್, ಬಾಂಬೆಯಲ್ಲೂ ಇಪ್ಪತ್ತನೇ ಶತಮಾನದವರೆಗೆ ಅಚ್ಚು ಹಾಕ್ತಾನೇ ಇದ್ರು. ಹಾಗಾಗಿ ನಾಣ್ಯದ ಮೇಲಿನ ಇಸವಿ ನಂಬಿ ಕುಣೀಬೇಡಿ. ಮಾರೋರು ಕೇಳಿರೋ ರೇಟೂ ನೋಡ್ಬೇಡಿ, ನಿಜವಾಗ್ಲೂ ಎಷ್ಟಕ್ಕೆ ಮಾರಾಟ ಆಗಿದೆ ಅದನ್ನ ನೋಡಿ.

ಇಷ್ಟಾದ್ಮೇಲೆ ಒಬ್ಬ ವ್ಯಾಪಾರಿ ಮನೆಗೇ ಬಂದ. ಜೇಬಿಂದ ಮ್ಯಾಗ್ನೆಟ್ ತೆಗೆದು ಇಟಲಿ ಲೀರಾಗಳಿಗೆ ಹಿಡಿದ, ಅಂಟಿದ್ವು, ಸ್ಟೀಲು ಅಂದ, ಅದು ಸರೀನೇ. (ಅವುಗಳ ಮೇಲೆ 1942ರ ಪಕ್ಕ ರೋಮನ್ ಅಂಕಿಯಲ್ಲಿ 20 ಅಂತಿರುತ್ತೆ, 1922ರಿಂದ ಎಣಿಸಿದ ಮುಸೊಲಿನಿ ಲೆಕ್ಕದ ವರ್ಷ ಅದು.) ಒಂದು ನಿಜ ಹೇಳಿ ನಂಬಿಕೆ ಗಳಿಸ್ಕೊಂಡ್ನಲ್ಲ, ಮುಂದೆ ಎಲ್ಲಾ ಬೆಳ್ಳೀನೂ ಒಟ್ಟಿಗೇ ತಕ್ಕಡಿಗೆ ಹಾಕಿ "ಹಳೇ ಬ್ರಿಟಿಷ್ ಬೆಳ್ಳಿ ಸಾರ್, ಅರ್ಧಕ್ಕರ್ಧ ಕಲಬೆರಕೆ" ಅಂತ ಶೇಕಡಾ 50ರ ಲೆಕ್ಕ ಹಾಕಿದ. ಬ್ರಿಟನ್ನಿನ ಬೆಳ್ಳಿ ನಾಣ್ಯ 50 ಇರೋದು 1920ರಿಂದ 1946ರವರೆಗೆ ಮಾತ್ರ, ಅದಕ್ಕಿಂತ ಹಿಂದಿನದ್ರಲ್ಲಿ 92.5, 1947ರಿಂದೀಚೆಗೆ ಬೆಳ್ಳೀನೇ ಇಲ್ಲ. ನನ್ನ ಹತ್ರ 1918ರ ಹಾಫ್ ಕ್ರೌನ್ ಅನ್ನೋ ಬ್ರಿಟಿಷ್ ಬೆಳ್ಳಿ ನಾಣ್ಯ ಎರಡಿದ್ವು, ಅಂದ್ರೆ 92.5ರವು. ಥಾಲರ್ ಅಂತೂ 28 ಗ್ರಾಂ ಚಿಲ್ರೆ, ಶೇಕಡಾ 83.3 ಬೆಳ್ಳಿ, ಅಂದ್ರೆ 23 ಗ್ರಾಂ ದಾಟುತ್ತೆ, ಅವನ ಲೆಕ್ಕದಲ್ಲಿ 14. ಈಜಿಪ್ಟಿನ ಫಾರೂಕ್ ದೊರೆಯ 1937ರ ಹತ್ತು ಪಿಯಾಸ್ಟರ್ ಕೂಡ 83.3ರದ್ದೇ, ಅದೂ ಅದೇ ರಾಶೀಲಿ ಹೋಯ್ತು. ಅದರ ಇಸವಿ ನಂಗೆ ಓದಕ್ಕೇ ಬಂದಿರ್ಲಿಲ್ಲ. ಅರಬ್ಬಿ ಅಂಕೀಲಿ ನಮ್ಮ ಸೊನ್ನೆ ತರ ದುಂಡಗಿರೋದು ಐದು, ಸೊನ್ನೆಗೆ ಬರೀ ಚುಕ್ಕಿ. ಹಿಜರಿ 1356, ಕ್ರಿಸ್ತಶಕ 1937, ಎರಡೂ ಅದರ ಮೇಲೇ ಇತ್ತು, ಹತ್ತು ನಿಮಿಷ ಕೂತಿದ್ರೆ ಸಾಕಿತ್ತು.

ದಯವಿಟ್ಟು ಕೊಡೋ ಮುಂಚೆ ಒಂದೊಂದರದ್ದೂ ಎರಡೂ ಬದಿ ಫೋಟೋ ತೆಗೀರಿ, ತೂಕ, ಅಗಲ ಬರ್ಕೊಳ್ಳಿ, ನ್ಯೂಮಿಸ್ಟಾ ಅನ್ನೋ ನಾಣ್ಯಗಳ ವೆಬ್‌ಸೈಟಲ್ಲಿ ಹೋಲಿಸಿ ನೋಡಿ. ಅಂಚು ಹಿಡಿದು ಎತ್ತಿ, ತೊಳೆಯೋ ಮಾತೇ ಬೇಡ. ಬಂದವನು ಅವಸರ ಮಾಡಿದ್ರೆ ಕಳಿಸಿಬಿಡಿ.

ಹೊರಡುವಾಗ ಅವನು ಡಬ್ಬೀಲಿದ್ದ ಒಂದು ನೋಟು ತಗೊಂಡ, "ಪೆನ್ನಲ್ಲಿ ಗೀಚಿದಾರೆ ಸಾರ್, ಇದಕ್ಕೇನೂ ಬರಲ್ಲ" ಅಂತ. ಯುದ್ಧದಲ್ಲಿ ಮಿತ್ರಪಡೆಗಳು ಇಟಲಿಗೆ ಅಂತ ಹೊರಡಿಸಿದ 1943ರ ಮಿಲಿಟರಿ ಲೀರಾ ನೋಟು ಅದು, ಗೀಚಿದ್ದು ಅಪ್ಪನ ಜೊತೆಗಾರರ ಸಹಿಗಳು. ಯುದ್ಧಕಾಲದ ಅಂಥ ಸಹಿ ನೋಟು ಹುಡುಕ್ಕೊಂಡು ತಗೊಳ್ಳೋರೇ ಇದಾರೆ ಅಂತ ನಂಗೆ ಗೊತ್ತಾಗಿದ್ದು ಆಮೇಲೆ. ಬೆಳ್ಳಿ ಹೋಗಿದ್ದಕ್ಕಿಂತ ಅದು ಜಾಸ್ತಿ ಚುಚ್ಚುತ್ತೆ, ಆ ಹೆಸರುಗಳನ್ನ ನಾನು ಒಂದ್ಸಲ ಓದೂ ಇರ್ಲಿಲ್ಲ.

ಕಸದಿಂದ ತಪ್ಪಿಸ್ಕೊಂಡು ಡಬ್ಬಿಯ ಮೂಲೇಲಿ ಒಂದು ಪೊಟ್ಟಣದ ಕಾಗದ ಮಾತ್ರ ಉಳಿದಿದೆ. ಅಪ್ಪನ ಅಕ್ಷರದಲ್ಲಿ "ಕೆರೆನ್, ಮಾರ್ಚ್ 1941" ಅಂತಿದೆ, ಎರಿಟ್ರಿಯಾದಲ್ಲಿ ಆಗ ಯುದ್ಧ ನಡೀತಿದ್ದ ಊರು ಅದು. ಅದರೊಳಗೆ ಯಾವ ನಾಣ್ಯ ಇತ್ತೋ ಈಗ ಹೇಳೋರಿಲ್ಲ.